ನವಿಲನ್ನು ಕಾಯೋಣ

ನವಿಲನ್ನು ಅರಿಯದ ಕನ್ನಡದ ಮಗುವಿಲ್ಲ. ಅಕ್ಷರ ಕಲಿಯುವಾಗ 'ನ' ಎಂದರೆ ನವಿಲು. ಪುಸ್ತಕದ ಹಾಳೆಗಳ ನಡುವೆ ನವಿಲುಗರಿಯಿಟ್ಟು, ಅದು ಮರಿ ಹಾಕಿತೇ ಎಂದು ದಿನಕ್ಕೆ ನಾಲ್ಕು ಸಲ ತೆರೆದು ನೋಡದ ಬಾಲಕರೂ ನಮ್ಮ ಕಡೆ ವಿರಳ. ಷಣ್ಮುಖನಿಗೆ ಅದು ವಾಹನ, ಶ್ರೀಕೃಷ್ಣನಿಗೆ ಮುಡಿಯ ಅಲಂಕಾರ. 1963ರಿಂದ ಅದು ಭಾರತದ ರಾಷ್ಟ್ರಪಕ್ಷಿ. ಇಷ್ಟಾದರೂ ಅದು ನಮಗೆ ದೂರದ ಹಕ್ಕಿಯಲ್ಲ. ಅಕ್ಕಲಕೋಟೆ ತಾಲೂಕಿನ ಎರೆಹೊಲಗಳ ಬದುವಿನಲ್ಲಿ, ಹಳ್ಳದ ದಂಡೆಯ ಜಾಲಿಯ ಪೊದೆಗಳಲ್ಲಿ, ಊರ ಹೊರಗಿನ ಹುಣಸೆಯ ಮರದಲ್ಲಿ ಅದರ ಕೇಕೆ ಕೇಳಿಯೇ ನಮ್ಮ ಎಷ್ಟೋ ವಿದ್ಯಾರ್ಥಿಗಳು ಬೆಳಿಗ್ಗೆ ಏಳುತ್ತಾರೆ.

ಈಚಿನ ದಿನಗಳಲ್ಲಿ ಈ ಹಕ್ಕಿಗೆ ಹೊಸದೊಂದು ಉಪದ್ರವ ಬಂದಿದೆ. ಮನೆಮನೆಗೂ ಮೊಬೈಲ್ ಬಂದಿದೆ; ಅದರೊಳಗೆ ಕ್ಯಾಮೆರಾ ಇದೆ. ನವಿಲು ಕಂಡೊಡನೆ ಮೊದಲು ಕೈ ಹೋಗುವುದು ಕಿಸೆಗೆ. ಅಷ್ಟಕ್ಕೇ ನಿಂತರೆ ದೋಷವಿಲ್ಲ. ಆದರೆ ಹಕ್ಕಿ ದೂರವಿದೆಯೆಂದು ಅದರ ಬೆನ್ನು ಹತ್ತಿ ಓಡುವವರಿದ್ದಾರೆ. ಹಾರುವ ಚಿತ್ರ ಬೇಕೆಂದು ಕಲ್ಲೆಸೆಯುವವರಿದ್ದಾರೆ. ಹತ್ತಿರ ಬರಲೆಂದು ರಸ್ತೆಯ ಬದಿಯಲ್ಲಿ ಕಾಳು ಚೆಲ್ಲುವವರೂ ಇದ್ದಾರೆ. ಹೀಗೆ ತೆಗೆದ ಚಿತ್ರವನ್ನು ಹತ್ತು ಜನರಿಗೆ ತೋರಿಸಿ ಭೇಷ್ ಎನ್ನಿಸಿಕೊಳ್ಳುತ್ತೇವೆ. ಆ ಚಿತ್ರದಲ್ಲಿರುವುದು ನವಿಲಿನ ಸೌಂದರ್ಯವಲ್ಲ, ನವಿಲಿನ ಭಯ ಎಂಬುದನ್ನು ಹೇಳುವವರಿಲ್ಲ.

ನವಿಲಿನ ಛಾಯಾಚಿತ್ರ ತೆಗೆಯುವುದು ಒಳ್ಳೆಯ ಹವ್ಯಾಸ, ಅದನ್ನು ಶಾಲೆಯೂ ಮನೆಯೂ ಪ್ರೋತ್ಸಾಹಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ಮುಂಜಾವಿನ ಸಹಜ ಬೆಳಕಿನಲ್ಲಿ, ದೂರದಿಂದ, ಹಕ್ಕಿಯನ್ನು ಓಡಿಸದೆ, ಕರೆಯದೆ, ಕಾದು ತೆಗೆಯಬೇಕು. ಇದು ಕೇವಲ ದಯೆಯ ಮಾತಲ್ಲ. ಒಳ್ಳೆಯ ಚಿತ್ರ ಬರುವ ಹಾದಿಯೂ ಇದೇ ಆಗಿದೆ. ಹೇಗೆಂಬುದನ್ನು ವಿಚಾರಿಸೋಣ.

ಮೊದಲು ನವಿಲಿನ ಬಣ್ಣದ ಗುಟ್ಟನ್ನು ತಿಳಿಯಬೇಕು. ಅದರ ಕೊರಳಿನ ನೀಲಿಯನ್ನು ನೋಡಿ, ಬಟ್ಟೆಗೆ ಬಣ್ಣ ಹಾಕಿದಂತೆ ಗರಿಯಲ್ಲಿ ನೀಲಿ ಬಣ್ಣ ತುಂಬಿದೆಯೆಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ನವಿಲುಗರಿಯಲ್ಲಿ ನೀಲಿ ಬಣ್ಣದ ಪದಾರ್ಥವೇ ಇಲ್ಲ. ಅದರಲ್ಲಿರುವುದು ನಮ್ಮ ಕೂದಲಿಗೆ ಕಪ್ಪು ಕೊಡುವ ಮೆಲನಿನ್ ಎಂಬ ವಸ್ತು. ಅದರ ಅತಿಸೂಕ್ಷ್ಮ ಕಡ್ಡಿಗಳು ಗರಿಯೊಳಗೆ ಜಾಳಿಗೆಯಂತೆ ಸಾಲಾಗಿ ಜೋಡಿಸಿಕೊಂಡಿರುತ್ತವೆ. ಬಿಸಿಲು ಈ ಜಾಳಿಗೆಯ ಮೇಲೆ ಬಿದ್ದು ಹಿಂದಿರುಗುವಾಗ ಕೆಲವು ಬಣ್ಣಗಳು ಪ್ರಬಲವಾಗುತ್ತವೆ, ಕೆಲವು ಅಳಿದುಹೋಗುತ್ತವೆ. ಕಡ್ಡಿಗಳ ನಡುವಿನ ಅಂತರ ಸ್ವಲ್ಪ ಬದಲಾದರೆ ನೀಲಿ ಇದ್ದದ್ದು ಹಸಿರಾಗುತ್ತದೆ, ಹಸಿರು ಇದ್ದದ್ದು ಕಂದಾಗುತ್ತದೆ. ತಾನಾಗಿ ಉದುರಿದ ಗರಿಯ ಒಂದು ತುಂಡನ್ನು ನುಣ್ಣಗೆ ಅರೆದರೆ ನೀಲಿ ಪುಡಿ ಸಿಗುವುದಿಲ್ಲ. ಮಂಕಾದ ಕಂದು ಪುಡಿ ಮಾತ್ರ ಉಳಿಯುತ್ತದೆ.

ಈ ವಿಷಯ ದೊಡ್ಡ ದೊಡ್ಡ ವಿಜ್ಞಾನಿಗಳನ್ನು ಸೆಳೆದಿದೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ನವಿಲುಗರಿಯನ್ನಿಟ್ಟು ನೋಡಿ ಬರೆದನು. ನ್ಯೂಟನ್ನನೂ ಬೆಳಕಿನ ಬಗೆಗಿನ ತನ್ನ ಗ್ರಂಥದಲ್ಲಿ ಅದರ ಮಾತೆತ್ತಿದನು. ನಮ್ಮ ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ಹಕ್ಕಿಗಳ ಗರಿಯ ಬಣ್ಣದ ಮೂಲವನ್ನು ಕುರಿತು ಲೇಖನ ಪ್ರಕಟಿಸಿದರು. ಅದಕ್ಕೆ ಅವರು ಆರಿಸಿಕೊಂಡದ್ದು ನಮ್ಮ ಹೊಲಗಳ ತಂತಿಯ ಮೇಲೆ ಕೂರುವ ನೀಲಕಂಠ ಪಕ್ಷಿಯನ್ನು. ಅದೇ ಇಂದು ಕರ್ನಾಟಕದ ರಾಜ್ಯಪಕ್ಷಿ.

ಇದರಿಂದ ಛಾಯಾಚಿತ್ರ ತೆಗೆಯುವವನು ಕಲಿಯುವ ಪಾಠವೇನು? ನವಿಲಿನ ಬಣ್ಣ ನವಿಲಿನಲ್ಲಿ ಅರ್ಧ, ಬೆಳಕಿನಲ್ಲಿ ಅರ್ಧ ಇದೆ ಎಂಬುದೇ ಆ ಪಾಠ. ಬೆಳಕು ಯಾವ ಕಡೆಯಿಂದ ಬರುತ್ತದೆ, ನಾವು ಯಾವ ಕಡೆ ನಿಂತಿದ್ದೇವೆ ಎಂಬುದರ ಮೇಲೆ ಅದೇ ಕೊರಳು ಒಮ್ಮೆ ಇಂದ್ರನೀಲವಾಗಿ, ಒಮ್ಮೆ ಹಸಿರಾಗಿ, ಒಮ್ಮೆ ಬರಿಯ ಕಪ್ಪಾಗಿ ಕಾಣುತ್ತದೆ. ಸೂರ್ಯನಿಗೆ ಎದುರಾಗಿ ನಿಂತು ತೆಗೆದವನಿಗೆ ನವಿಲಿನ ಆಕಾರ ಸಿಗುತ್ತದೆ, ಬಣ್ಣ ಸಿಗುವುದಿಲ್ಲ. ಇನ್ನು ಮೊಬೈಲಿನ ಮಿಂಚುದೀಪದ ಬೆಳಕು ದೂರದ ಹಕ್ಕಿಯನ್ನು ಮುಟ್ಟುವುದೇ ಇಲ್ಲ. ಹತ್ತಿರವಿದ್ದರೆ ಹಕ್ಕಿ ಬೆದರುತ್ತದೆ.

ಸಹಜ ಬೆಳಕು ಹಗಲೆಲ್ಲ ಇರುತ್ತದಲ್ಲ, ಮುಂಜಾವೇ ಏಕೆ ಎಂದು ಯಾರಾದರೂ ಕೇಳಬಹುದು. ಸೊಲ್ಲಾಪುರದ ಬಿಸಿಲನ್ನು ಬಲ್ಲವರು ಈ ಪ್ರಶ್ನೆ ಕೇಳಲಾರರು. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಮೀರುವುದು ಸಾಮಾನ್ಯ ಸಂಗತಿ. ಆ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಬೆನ್ನು ಬೆಳ್ಳಗೆ, ಹೊಟ್ಟೆ ಕಪ್ಪಗೆ, ಕಣ್ಣಿನ ಸುತ್ತ ನೆರಳು. ಹೊಲದ ಬಿಸಿಗಾಳಿಯಲ್ಲಿ ಚಿತ್ರವೇ ನಡುಗಿದಂತಾಗುತ್ತದೆ. ಮುಂಜಾವಿನಲ್ಲಿ ಹಾಗಲ್ಲ. ಕೆಳಗಿರುವ ಸೂರ್ಯನ ಕಿರಣ ಗಾಳಿಯ ದಟ್ಟ ಪದರವನ್ನು ಓರೆಯಾಗಿ ಹಾದು ಬರಬೇಕು. ಹಾದಿಯಲ್ಲಿ ನೀಲಿಯ ಬಹುಭಾಗ ಚದುರಿಹೋಗಿ, ಹೊಂಬಣ್ಣದ ಮೃದುವಾದ ಬೆಳಕು ನಮ್ಮನ್ನು ಮುಟ್ಟುತ್ತದೆ. ಅದು ಪಕ್ಕದಿಂದ ಬೀಳುವುದರಿಂದ ಗರಿಗರಿಯೂ ಬೇರೆ ಬೇರೆಯಾಗಿ ಕಾಣುತ್ತದೆ.

ಈ ಬೆಳಕು ಬಹಳ ಹೊತ್ತು ನಿಲ್ಲುವುದಿಲ್ಲ. ನಮ್ಮ ಭಾಗದಲ್ಲಿ ಜೂನ್ ತಿಂಗಳ ನಡುವೆ ಸುಮಾರು 5 ಗಂಟೆ 50 ನಿಮಿಷಕ್ಕೆ, ಡಿಸೆಂಬರ್ ಕೊನೆಗೆ ಸುಮಾರು 6 ಗಂಟೆ 55 ನಿಮಿಷಕ್ಕೆ ಸೂರ್ಯ ಹುಟ್ಟುತ್ತಾನೆ. ನಮ್ಮಂಥ ಉಷ್ಣವಲಯದಲ್ಲಿ ಅವನು ಬೇಗಬೇಗ ಮೇಲೇರುತ್ತಾನೆ. ಹುಟ್ಟಿದ ಮೊದಲ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ನಮ್ಮದು. ಆಮೇಲೆ ಬಂದವನಿಗೆ ಬೆಳಕೂ ಇಲ್ಲ, ನವಿಲೂ ಇಲ್ಲ. ಏಕೆಂದರೆ ನವಿಲಿನ ದಿನಚರಿಯೂ ಇದಕ್ಕೆ ಸರಿಯಾಗಿಯೇ ಇದೆ. ರಾತ್ರಿ ಎತ್ತರದ ಮರದ ಮೇಲೆ ಮಲಗುವ ಹಕ್ಕಿ ಬೆಳಕು ಹರಿದಾಗ ಕೆಳಗಿಳಿಯುತ್ತದೆ. ಕಾಳು, ಹುಳುಹುಪ್ಪಟೆ, ಓತಿಕ್ಯಾತ, ಸಣ್ಣ ಹಾವು ಹುಡುಕುತ್ತ ಬಯಲಿಗೆ ಬರುತ್ತದೆ. ಬಿಸಿಲೇರಿದಂತೆ ಪೊದೆಯ ನೆರಳನ್ನು ಸೇರುತ್ತದೆ.

ಇಲ್ಲಿ ಒಂದು ವಿಸ್ಮಯದ ಸಂಗತಿಯನ್ನು ಹೇಳಲೇಬೇಕು. ಬೆಳಕಿನ ಬೆಲೆ ನಮಗಿಂತ ಮೊದಲು ನವಿಲಿಗೇ ಗೊತ್ತಿದೆ. ಕೆನಡಾದ ಇಬ್ಬರು ವಿಜ್ಞಾನಿಗಳು ನವಿಲುಗಳ ಕುಣಿತವನ್ನು ಅಳೆದು ನೋಡಿ 2009ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹೆಣ್ಣು ನವಿಲನ್ನು ಎದುರಿಗಿಟ್ಟುಕೊಂಡು ಗರಿಯ ಛತ್ರವನ್ನು ಅಲುಗಿಸುವಾಗ ಗಂಡು ನವಿಲು ಮನಬಂದ ಕಡೆ ಮುಖ ಮಾಡಿ ನಿಲ್ಲುವುದಿಲ್ಲ. ಸೂರ್ಯನಿರುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ ಎಂದು ಅವರು ಕಂಡುಕೊಂಡರು. ತನ್ನ ಗರಿಯ ಮೇಲೆ ಬಿಸಿಲು ಹೇಗೆ ಬಿದ್ದರೆ ಚೆನ್ನ ಎಂಬುದು ಅದಕ್ಕೆ ತಿಳಿದಂತಿದೆ. ಇನ್ನು ಹಳೆಯ ಪೆಟ್ಟಿಗೆ ಕ್ಯಾಮೆರಾದ ಕಾಲದ ಛಾಯಾಗ್ರಾಹಕರು ಶಿಷ್ಯರಿಗೆ ಹೇಳುತ್ತಿದ್ದ ಮೊದಲ ಪಾಠವೇನು? ಸೂರ್ಯನು ನಿನ್ನ ಬೆನ್ನ ಹಿಂದೆ, ಒಂದು ಭುಜದ ಕಡೆಗೆ ಇರಲಿ ಎಂಬುದು. ಶಾಲೆಗೆ ಹೋಗದ ಹಕ್ಕಿ, ಯಾವ ಗುರುವೂ ಇಲ್ಲದೆ, ಅದೇ ಪಾಠವನ್ನು ತನ್ನ ರೀತಿಯಲ್ಲಿ ಬಲ್ಲದು! ತನ್ನ ಸ್ಥಳವನ್ನೂ ದಿಕ್ಕನ್ನೂ ಹೊತ್ತನ್ನೂ ತಾನೇ ಆರಿಸಿಕೊಂಡು ಕುಣಿಯುವ ಹಕ್ಕಿಯನ್ನು ನಾವು ಓಡಿಸಿ, ಬೆದರಿಸಿ, ಕಾಳು ತೋರಿಸಿ ಬೇರೆಡೆಗೆ ಎಳೆದರೆ, ಅದು ಸಿದ್ಧಪಡಿಸಿದ ರಂಗಸ್ಥಳವನ್ನು ನಾವೇ ಕೆಡಿಸಿದಂತಾಗುವುದಿಲ್ಲವೇ?

ಕುಣಿತದ ಕಾಲವನ್ನೂ ತಿಳಿದಿರಬೇಕು. ಬೇಸಿಗೆಯ ಕೊನೆಯಿಂದ ಮಳೆಗಾಲದವರೆಗೆ ಗಂಡು ನವಿಲಿಗೆ ಪೂರ್ಣ ಗರಿಯಿರುತ್ತದೆ. ನಾವು ಬಾಲವೆನ್ನುವುದು ನಿಜವಾಗಿ ಬಾಲವಲ್ಲ. ಬಾಲದ ಮೇಲಣ ಹೊದಿಕೆಯ ಗರಿಗಳೇ ಅಷ್ಟು ಉದ್ದ ಬೆಳೆದಿರುತ್ತವೆ. ನಿಜವಾದ ಬಾಲ ಅದರ ಹಿಂದೆ ಗಿಡ್ಡದಾಗಿ, ಕಂದಾಗಿ ನಿಂತು ಛತ್ರಕ್ಕೆ ಆಸರೆ ಕೊಡುತ್ತದೆ. ಮಳೆ ಹಿಂದಾದಂತೆ ಈ ಗರಿಗಳೆಲ್ಲ ಉದುರುತ್ತವೆ. ದೀಪಾವಳಿ ರಜೆಯಲ್ಲಿ ಕ್ಯಾಮೆರಾ ಹಿಡಿದು ಹೊರಟವನಿಗೆ ಗರಿಯಿಲ್ಲದ ನವಿಲು ಕಂಡು ನಿರಾಶೆಯಾಗಬಹುದು. ನಿರಾಶೆ ಏಕೆ? ಅದೂ ನವಿಲೇ. ಹಿಂದೆ ನಾಲ್ಕಾರು ಮರಿಗಳನ್ನು ಕಟ್ಟಿಕೊಂಡು ಕಟಾವಾದ ಹೊಲದಲ್ಲಿ ಹೆಜ್ಜೆಯಿಡುವ ಹೆಣ್ಣು ನವಿಲಿನ ಚಿತ್ರವನ್ನು ಎಷ್ಟು ಜನ ತೆಗೆದಿದ್ದಾರೆ? ಕುಣಿಯುವ ಗಂಡನ್ನು ಮಾತ್ರ ನವಿಲೆಂದು ತಿಳಿಯುವುದು ಪುಸ್ತಕದ ಮುಖಪುಟವನ್ನಷ್ಟೇ ಓದಿದಂತೆ.

ಹಾಗಾದರೆ ಚಿತ್ರ ತೆಗೆಯುವುದು ಹೇಗೆ? ಹಿಂದಿನ ದಿನವೇ ಹೊಲದವರ ಒಪ್ಪಿಗೆ ಕೇಳಬೇಕು. ನವಿಲು ಯಾವ ಮರದಿಂದ ಇಳಿದು ಯಾವ ಬದುವಿನಗುಂಟ ಬರುತ್ತದೆಂದು ಒಂದೆರಡು ದಿನ ಬರಿಗೈಯಿಂದ ನೋಡಬೇಕು. ಬೆಳಕು ಹರಿಯುವ ಮೊದಲೇ ಹೋಗಿ ಕಣಿಕೆಯ ಬಣವೆಯ ಮರೆಯಲ್ಲೋ ಬೇವಿನ ಬುಡದಲ್ಲೋ, ಪೂರ್ವಕ್ಕೆ ಬೆನ್ನು ಮಾಡಿ ಕುಳಿತುಬಿಡಬೇಕು. ಮಣ್ಣಿನ ಬಣ್ಣದ ಬಟ್ಟೆಯಿರಲಿ. ಮಾತು ಬೇಡ, ಮೊಬೈಲಿನ ಸದ್ದೂ ಬೇಡ. ನವಿಲು ಮೇಯುವುದನ್ನು ಬಿಟ್ಟು ಕೊರಳೆತ್ತಿ ನಿಮ್ಮ ಕಡೆ ನೋಡಿತೆಂದರೆ ನೀವು ಅದರ ಎಲ್ಲೆಯನ್ನು ಮೀರಿದ್ದೀರಿ, ಅಲ್ಲಿಯೇ ನಿಲ್ಲಿ. ಗೂಡಿನ ಹತ್ತಿರವಂತೂ ಹೋಗಲೇಬಾರದು. ನೆಲದ ಮೇಲೆ ಪೊದೆಯಲ್ಲಿ ಮೊಟ್ಟೆಯಿಡುವ ಹೆಣ್ಣು ನವಿಲು ಸುಮಾರು 28 ದಿನ ಕಾವು ಕೂರುತ್ತದೆ. ನಾವು ತುಳಿದ ದಾರಿಯನ್ನೇ ಹಿಡಿದು ನಾಯಿ ಅಲ್ಲಿಗೆ ಬರುತ್ತದೆ.

ಮೊಬೈಲಿನಲ್ಲಿ ದೂರದ ನವಿಲು ಚಿಕ್ಕದಾಗಿ ಕಾಣುತ್ತದಲ್ಲ ಎಂದು ಕೊರಗಬೇಕಿಲ್ಲ. ಹೊಂಬಿಸಿಲು ಬಿದ್ದ ಎರೆಹೊಲ, ಜೋಳದ ಕೊಯ್ಲಾದ ಸಾಲುಗಳು, ನಡುವೆ ಒಂದು ನವಿಲು. ಇದು ನಮ್ಮ ತಾಲೂಕಿನ ಚಿತ್ರ. ನವಿಲನ್ನಷ್ಟೇ ತುಂಬಿದ ಚಿತ್ರ ಯಾವ ಊರಿನದೂ ಆಗಬಹುದು.

ಕನ್ನಡ ನಾಡಿನಲ್ಲಿ ಈ ತಾಳ್ಮೆಯ ದೊಡ್ಡ ಪರಂಪರೆಯೇ ಇದೆ. ಬಳ್ಳಾರಿ ಸೀಮೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜಮನೆತನದವರು, ಕರ್ನಾಟಕದ ಅರ್ಥಮಂತ್ರಿಗಳಾಗಿದ್ದವರು. ಅಂಥವರು ಕಾಡಿನ ಮರೆಯಲ್ಲಿ ಕುಳಿತು ಕಪ್ಪು-ಬಿಳುಪಿನಲ್ಲಿ ವನ್ಯಜೀವಿಗಳ ಚಿತ್ರ ತೆಗೆದರು. 1983ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥದ ಹೆಸರೇ 'ಬಿಸಿಲು ಮತ್ತು ನೆರಳು' ಎಂಬರ್ಥದ್ದು. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಕಾದಂಬರಿ ಬರೆದಷ್ಟೇ ಶ್ರದ್ಧೆಯಿಂದ ಹಕ್ಕಿಗಳ ಚಿತ್ರ ತೆಗೆದವರು. ಅಂದು ಒಂದು ಸುರುಳಿ ಫಿಲ್ಮಿನಲ್ಲಿ 36 ಚಿತ್ರ ಮಾತ್ರ. ಪ್ರತಿಯೊಂದಕ್ಕೂ ದುಡ್ಡು. ಆದುದರಿಂದ ಗುಂಡಿ ಒತ್ತುವ ಮೊದಲು ಯೋಚನೆಯಿತ್ತು. ಇಂದು ಸಾವಿರ ಚಿತ್ರ ತೆಗೆದರೂ ಖರ್ಚಿಲ್ಲ, ಯೋಚನೆಯೂ ಇಲ್ಲದಂತಾಗಿದೆ.

ಇನ್ನೊಂದು ಮಾತು. ತೆಗೆದ ಚಿತ್ರಕ್ಕೆ ಮೊಬೈಲಿನಲ್ಲಿಯೇ ನೀಲಿ ಹೆಚ್ಚಿಸಿ, ಹಸಿರು ಬಳಿದು, ಇಲ್ಲದ ಮೋಡವನ್ನು ಕೂಡಿಸುವ ಅಭ್ಯಾಸ ಬೆಳೆಯುತ್ತಿದೆ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತೆಂಬ ಗಾದೆ ನಮ್ಮಲ್ಲಿದೆ. ಈಗ ನವಿಲನ್ನೇ ಕೆಂಬೂತವನ್ನಾಗಿ ಮಾಡುತ್ತಿದ್ದೇವೆ. ನಿಸರ್ಗ ಕೊಟ್ಟ ಬಣ್ಣ ಸಾಲದೆಂದು ತಿದ್ದುವವನು ನಾಳೆ ಪ್ರಯೋಗಶಾಲೆಯ ಲೆಕ್ಕವನ್ನೂ ತಿದ್ದಲು ಹಿಂಜರಿಯಲಾರ. ಕಂಡದ್ದನ್ನು ಕಂಡಂತೆ ತೋರಿಸುವುದು ಸತ್ಯದ ಮೊದಲ ಮೆಟ್ಟಿಲು.

ಪಾಲಕರು ಹೇಳಬಹುದು: ಹತ್ತನೆಯ ಇಯತ್ತೆಯ ಪರೀಕ್ಷೆ ತಲೆಯ ಮೇಲಿದೆ, ನವಿಲಿನ ಚಿತ್ರದಿಂದ ಅಂಕ ಬರುತ್ತದೆಯೇ? ಈ ಮಾತು ತಳ್ಳಿಹಾಕುವಂಥದಲ್ಲ. ಆದರೆ ಮಗನ ಕೈಯಿಂದ ಮೊಬೈಲ್ ಕಸಿದುಕೊಳ್ಳುವುದು ದಿನವೂ ಸಾಧ್ಯವಿಲ್ಲವೆಂಬುದನ್ನು ಪಾಲಕರೇ ಬಲ್ಲರು. ಕಸಿಯಲಾಗದ ವಸ್ತುವಿನ ಸದ್ಬಳಕೆಯನ್ನು ಕಲಿಸುವುದೇ ಮೇಲು. ರವಿವಾರ ಬೆಳಿಗ್ಗೆ ಐದಕ್ಕೆ ಎದ್ದು, ಒಂದು ಗಂಟೆ ಅಲುಗಾಡದೆ ಕುಳಿತುಕೊಳ್ಳಬಲ್ಲ ಹುಡುಗ ಅಥವಾ ಹುಡುಗಿ ಗಣಿತದ ಮುಂದೆಯೂ ಕುಳಿತುಕೊಳ್ಳಬಲ್ಲರು. ತಾಳಿದವನು ಬಾಳಿಯಾನು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬೆಳಕಿನ ವಕ್ರೀಭವನ, ಚದುರುವಿಕೆ, ಬಣ್ಣಗಳ ಪಾಠ ಪುಸ್ತಕದಲ್ಲಿ ಒಣಗಿದಂತೆ ಕಾಣುತ್ತದೆ. ಬದುವಿನ ಮೇಲೆ ಅದೇ ಪಾಠ ಜೀವ ತಳೆಯುತ್ತದೆ.

ರೈತನ ಮಾತು ಇದಕ್ಕಿಂತ ಭಾರವಾದದ್ದು. ನಿಮಗೆ ನವಿಲು ಚಿತ್ರ, ನಮಗೆ ಅದು ಹಾನಿ ಎಂದು ಅವನು ಹೇಳಿದರೆ ಉತ್ತರಿಸುವುದು ಸುಲಭವಲ್ಲ. ಬಿತ್ತಿದ ಕಾಳನ್ನು ಅದು ಹೆಕ್ಕುತ್ತದೆ, ಶೇಂಗಾ ಕೆದರುತ್ತದೆ, ತೊಗರಿಯ ಎಳೆಗಾಯಿಗೂ ಬಾಯಿ ಹಾಕುತ್ತದೆ. ಮಳೆಯನ್ನೇ ನಂಬಿದ ಸೀಮೆಯಲ್ಲಿ ಒಂದು ಸಾಲು ಬೀಜ ಹೋದರೂ ನಷ್ಟವೇ. ನವಿಲು ಹುಳುಗಳನ್ನೂ ಹಾವುಗಳನ್ನೂ ತಿಂದು ಉಪಕಾರ ಮಾಡುತ್ತದೆಂದು ಹೇಳಿ ಆ ನಷ್ಟವನ್ನು ಅಳಿಸಲಾಗದು. ಆದರೆ ರೈತನ ನಷ್ಟವನ್ನು ಹೆಚ್ಚಿಸುವವರು ಯಾರು? ಚಿತ್ರಕ್ಕಾಗಿ ಊರ ಹತ್ತಿರ ಕಾಳು ಚೆಲ್ಲಿ ನವಿಲಿಗೆ ಬೆಳೆಯ ರುಚಿ ಹಿಡಿಸುವವರು, ಅದನ್ನು ಬೆನ್ನಟ್ಟಿ ಬೆಳೆ ತುಳಿಯುವವರು. ಕಾದು ಕುಳಿತವನಿಂದ ರೈತನಿಗೆ ತೊಂದರೆಯಿಲ್ಲ. ಮನುಷ್ಯನ ಭಯ ಬಿಟ್ಟ ನವಿಲಿಗೂ ಸುಖವಿಲ್ಲ. ನಾಯಿಗೆ, ವಾಹನಕ್ಕೆ, ವಿಷ ಲೇಪಿಸಿದ ಬೀಜಕ್ಕೆ ಅದು ಬಲಿಯಾಗುತ್ತದೆ. ರೊಚ್ಚಿಗೆದ್ದು ಹಕ್ಕಿಯನ್ನು ಕೊಲ್ಲುವುದಂತೂ ಘೋರ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ನವಿಲಿದೆ. ಅದನ್ನು ಬೇಟೆಯಾಡಿದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವಿದೆ.

ನವಿಲು ನಮ್ಮಲ್ಲಿ ಬೇಕಾದಷ್ಟಿದೆ, ಇಷ್ಟು ಚಿಂತೆ ಏಕೆ ಎಂದು ಕೆಲವರು ನಗಬಹುದು. ಅವರು ಸೊಲ್ಲಾಪುರದಿಂದ ಬಾರ್ಶಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ದೂರದ ನಾನ್ನಜಕ್ಕೆ ಹೋಗಿಬರಲಿ. ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆಭೂತ ಎಂದು ಕರೆಯುವ ಮಹಾಪಕ್ಷಿಯ ನೆಲೆ ಅದು. ಸೊಲ್ಲಾಪುರದ ಶಿಕ್ಷಕರಾಗಿದ್ದ ಬಿ. ಎಸ್. ಕುಲಕರ್ಣಿಯವರಂಥ ಪಕ್ಷಿಪ್ರೇಮಿಗಳು 1970ರ ದಶಕದಲ್ಲಿ ಅದನ್ನು ಲೋಕದ ಗಮನಕ್ಕೆ ತಂದರು. 1979ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಇಷ್ಟಾದರೂ ಹುಲ್ಲುಗಾವಲು ಹೊಲವಾಯಿತು, ರಸ್ತೆ ಮತ್ತು ತಂತಿಗಳು ಬಂದವು, ಹಕ್ಕಿ ಕಡಿಮೆಯಾಗುತ್ತ ನಡೆಯಿತು. ಇಂದು ಅಲ್ಲಿ ಒಂದು ಎರೆಭೂತ ಕಂಡರೆ ಅದೇ ಪತ್ರಿಕೆಯ ಸುದ್ದಿ. ಒಂದು ಕಾಲಕ್ಕೆ ಅದೂ ಬೇಕಾದಷ್ಟಿತ್ತು.

ಇದಕ್ಕೆ ಪ್ರತಿಯಾಗಿ ಹಾವೇರಿ ಜಿಲ್ಲೆಯ ಬಂಕಾಪುರವನ್ನು ನೋಡಿ. ಅಲ್ಲಿನ ಹಳೆಯ ಕೋಟೆಯ 139 ಎಕರೆ ಪ್ರದೇಶದಲ್ಲಿ ಖಿಲ್ಲಾರಿ ದನಗಳ ತಳಿ ಸಂವರ್ಧನ ಕೇಂದ್ರವಿದೆ. ಖಿಲ್ಲಾರಿ ಎಂದರೆ ನಮ್ಮ ಸೊಲ್ಲಾಪುರ ಜಿಲ್ಲೆಗೂ ಹೆಸರು ತಂದ ತಳಿ. ದನಗಳಿಗೆಂದು ಬೆಳೆಸಿದ ಮೇವು, ಕಾಪಿಟ್ಟ ಮರಗಿಡ, ಜನಸಂದಣಿಯಿಲ್ಲದ ಬಯಲು. ಇಷ್ಟೇ ಸಾಕಾಯಿತು, ನವಿಲು ತಾನಾಗಿ ಹೆಚ್ಚಿತು. 2006ರಲ್ಲಿ ಅದು ನವಿಲುಧಾಮವೆಂದು ಘೋಷಿತವಾಯಿತು. ನವಿಲಿಗೆ ನಮ್ಮ ಕಾಳು ಬೇಕಿಲ್ಲ. ಮಲಗಲು ಮರ, ಕುಡಿಯಲು ನೀರು, ಮೇಯಲು ಗದ್ದಲವಿಲ್ಲದ ಬೆಳಗು ಬೇಕು. ಕೆರೆ ಕಟ್ಟಿಸಿದ ಸಿದ್ಧರಾಮನ ನಾಡು ನಮ್ಮದು. ಬದುವಿನ ಬೇವು-ಹುಣಸೆಗಳನ್ನು ಕಡಿಯದೆ ಉಳಿಸುವುದು, ಬೇಸಿಗೆಯಲ್ಲಿ ಹೊಲದ ಮೂಲೆಗೆ ಒಂದು ತೊಟ್ಟಿ ನೀರಿಡುವುದು ನಮಗೆ ಹೊರೆಯಾಗಬಾರದು.

ಕೊನೆಯಲ್ಲಿ ಒಂದು ಸೂಚನೆ. ಬರುವ ವರ್ಷ ನಮ್ಮ ಶಾಲೆಯ ಸ್ನೇಹಸಮ್ಮೇಳನದಲ್ಲಿ ನವಿಲಿನ ಛಾಯಾಚಿತ್ರಗಳ ಪ್ರದರ್ಶನವನ್ನು ಏರ್ಪಡಿಸೋಣ. ನಿಯಮಗಳು ಕೆಲವೇ ಇರಲಿ. ಬೆಳಗಿನ ಸಹಜ ಬೆಳಕಿನಲ್ಲಿ ತೆಗೆದಿರಬೇಕು. ಕಾಳು ಚೆಲ್ಲಿರಬಾರದು, ಓಡಿಸಿರಬಾರದು. ಬಣ್ಣ ತಿದ್ದಿರಬಾರದು. ಪ್ರತಿ ಚಿತ್ರದ ಕೆಳಗೆ ವಿದ್ಯಾರ್ಥಿಯ ಕೈಬರಹದಲ್ಲಿ ದಿನ, ವೇಳೆ, ಸುಮಾರು ದೂರ, ಎಷ್ಟು ಹೊತ್ತು ಕಾದದ್ದು, ನವಿಲು ಏನು ಮಾಡುತ್ತಿತ್ತು ಎಂಬ ನಾಲ್ಕು ಸಾಲು ಇರಬೇಕು. ಗೂಡು ಎಲ್ಲಿದೆಯೆಂದು ಮಾತ್ರ ಯಾರೂ ಬರೆಯಬಾರದು. ಬಹುಮಾನವನ್ನು ಚಿತ್ರಕ್ಕೆ ಅರ್ಧ, ಆ ನಾಲ್ಕು ಸಾಲಿಗೆ ಅರ್ಧ ತೂಗಿ ಕೊಡೋಣ. ಮೊಬೈಲ್ ಇಲ್ಲದ ಮನೆಯ ಮಗು ಪೆನ್ಸಿಲ್ಲಿನಿಂದ ಚಿತ್ರ ಬರೆದು, ಅದೇ ನಾಲ್ಕು ಸಾಲು ಬರೆದು ತಂದರೆ ಅದಕ್ಕೂ ಸಮಾನ ಸ್ಥಾನವಿರಲಿ. ನೋಡುವ ಕಣ್ಣಿಗೆ ಬೆಲೆಯೇ ಹೊರತು ಯಂತ್ರಕ್ಕಲ್ಲ. ಹತ್ತು ವರ್ಷ ಹೀಗೆ ನಡೆದರೆ, ನಮ್ಮ ಯಾವ ಹಳ್ಳಿಯಲ್ಲಿ ನವಿಲು ಹೆಚ್ಚಿತು, ಯಾವುದರಲ್ಲಿ ಕಡಿಮೆಯಾಯಿತು ಎಂದು ಹೇಳಬಲ್ಲ ದಾಖಲೆ ನಮ್ಮ ಶಾಲೆಯ ಕಪಾಟಿನಲ್ಲಿಯೇ ಇರುತ್ತದೆ.

ವಿದ್ಯಾರ್ಥಿ ಮಿತ್ರರೇ, ನಮ್ಮ ಭಾಷೆಯಲ್ಲಿ 'ಕಾಯುವುದು' ಎಂಬ ಮಾತಿಗೆ ಎರಡು ಅರ್ಥಗಳಿವೆ: ಎದುರುನೋಡುವುದು ಒಂದು, ರಕ್ಷಿಸುವುದು ಇನ್ನೊಂದು. ದನ ಕಾಯುವವನೂ ಹೊಲ ಕಾಯುವವನೂ ಈ ಎರಡನ್ನೂ ಒಟ್ಟಿಗೇ ಮಾಡುತ್ತಾನೆ. ಮುಂಜಾವಿನಲ್ಲಿ ನವಿಲಿಗಾಗಿ ಕಾಯಿರಿ, ನವಿಲನ್ನೂ ಕಾಯಿರಿ.